ಪರ್ಯಾಪ್ತ ಮನುಷ್ಯ ಸಂಖ್ಯೆ: ಇಪ್ಪತ್ತೊಂಬತ್ತು ಅಂಕಗಳ ಒಂದು ರಾಶಿಯ ವಿಚಾರ

ಪ್ರಾಚೀನ ಗ್ರಂಥಗಳಲ್ಲಿ ಬರುವ ಮಹಾಸಂಖ್ಯೆಗಳು ಎರಡು ಬಗೆಯವಾಗಿವೆ. ಕೆಲವು ಕೇವಲ ಆಧಿಕ್ಯಸೂಚನೆಗಾಗಿ ಹೇಳಲ್ಪಟ್ಟವು. ಅವುಗಳಲ್ಲಿ ಒಂದೆರಡು ಸ್ಥಾನಗಳನ್ನು ಹೆಚ್ಚಿಸಿದರೂ ತಗ್ಗಿಸಿದರೂ ಗ್ರಂಥಾರ್ಥಕ್ಕೆ ಹಾನಿಯಿಲ್ಲ. ಮತ್ತೆ ಕೆಲವು ಗಣಿತದಿಂದ ಹುಟ್ಟಿದವು. ಅವುಗಳಲ್ಲಿ ಒಂದೇ ಒಂದು ಅಂಕವು ತಪ್ಪಿದರೂ ರಾಶಿಯು ತನ್ನ ಸ್ವರೂಪವನ್ನೇ ಕಳೆದುಕೊಳ್ಳುವುದು. ಜೈನಾಗಮಗಳಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಪ್ರಸಿದ್ಧವಾಗಿರುವ ೨೯ ಅಂಕಗಳ ರಾಶಿಯು ಈ ಎರಡನೆಯ ಬಗೆಗೆ ಸೇರಿದುದು. ಅದು ಹೀಗಿದೆ:

೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬

ಶ್ವೇತಾಂಬರರ ಅನುಯೋಗದ್ವಾರಸೂತ್ರದಲ್ಲಿ ಈ ರಾಶಿಯ ಲಕ್ಷಣವಿದೆ. ದಿಗಂಬರರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯಲ್ಲಿ ಇದರ ವಿಮರ್ಶೆಯಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಇದರ ಅಂಕಗಳೆಲ್ಲವೂ ಒಂದು ಗಾಥೆಯಲ್ಲಿ ಅಕ್ಷರರೂಪವಾಗಿ ಅಡಕವಾಗಿವೆ. ಈ ಮೂರು ಗ್ರಂಥಗಳಲ್ಲಿ ಮೊದಲನೆಯದು ಸಂಖ್ಯೆಯನ್ನು ಹೇಳುತ್ತದೆ, ಎರಡನೆಯದು ಅದನ್ನು ನಿರಾಕರಿಸುತ್ತದೆ, ಮೂರನೆಯದು ಅದನ್ನೇ ಮರಳಿ ಸ್ಥಾಪಿಸುತ್ತದೆ. ಧವಲೆಯ ಸಾರವನ್ನೇ ಹಿಂಡಿ ತೆಗೆದವರೆಂದು ಖ್ಯಾತರಾದ ನೇಮಿಚಂದ್ರರು ಧವಲಾಕಾರರು ಒಲ್ಲದ ಸಂಖ್ಯೆಯನ್ನು ಏಕೆ ಕೈಕೊಂಡರೆಂಬುದು ವಿಚಾರಯೋಗ್ಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕಬೇಕಾದರೆ ಮೊದಲು ಸಂಖ್ಯೆಯ ಗುಣಗಳನ್ನು ತಿಳಿಯಬೇಕು.

ಇಷ್ಟು ದೊಡ್ಡ ರಾಶಿಯನ್ನು ಬಾಯಲ್ಲಿ ಹೇಳುವುದೇ ಮೊದಲನೆಯ ತೊಡಕು. ವೈದಿಕ ಸಂಪ್ರದಾಯದ ಪರಾರ್ಧವು ೧೮ನೆಯ ಸ್ಥಾನದಲ್ಲಿ ನಿಲ್ಲುವುದು. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಸ್ಥಾನನಾಮಗಳನ್ನು ೨೪ಕ್ಕೆ ಏರಿಸಿ ಕೊನೆಯದನ್ನು ಮಹಾಕ್ಷೋಭವೆಂದು ಕರೆದರು. ಅದಾದ ಮೇಲೂ ಇನ್ನು ಐದು ಸ್ಥಾನಗಳು ಹೆಸರಿಲ್ಲದೆ ಉಳಿಯುತ್ತವೆ. ಆದುದರಿಂದಲೇ ಆಗಮಕಾರರು ಸ್ಥಾನನಾಮಗಳನ್ನು ಬಿಟ್ಟು ಬೇರೆ ಮಾರ್ಗಗಳನ್ನು ಹಿಡಿದರು. ಅನುಯೋಗದ್ವಾರದಲ್ಲಿ ಒಂದೇ ರಾಶಿಗೆ ನಾಲ್ಕು ತೆರನಾದ ನಿರ್ದೇಶವಿದೆ: ಕೋಟಿಕೋಟಿ ಎಂಬ ಗಣನೆಯಲ್ಲಿ ೨೯ ಸ್ಥಾನಗಳುಳ್ಳದ್ದು, ೨೪ನೆಯ ಸ್ಥಾನಕ್ಕೆ ಮೇಲೆ ೩೨ನೆಯ ಸ್ಥಾನಕ್ಕೆ ಕೆಳಗೆ ಇರುವಂಥದ್ದು, ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದರೆ ಬರುವಂಥದ್ದು, ೯೬ ಬಾರಿ ಅರ್ಧಿಸಲು ಬರುವಂಥದ್ದು. ಮೊದಲೆರಡು ಮಾತುಗಳು ರಾಶಿಯ ಮೇರೆಯನ್ನು ಮಾತ್ರ ತೋರಿಸುತ್ತವೆ. ಉಳಿದೆರಡು ಮಾತುಗಳಲ್ಲಿ ಯಾವುದೊಂದಿದ್ದರೂ ಸಾಕು, ರಾಶಿಯು ಒಂದೂ ಹೆಚ್ಚು ಕಡಮೆಯಿಲ್ಲದೆ ಸಿದ್ಧಿಸುವುದು.

ಇಲ್ಲಿ ವರ್ಗವೆಂದರೆ ಎರಡರಿಂದ ಮೊದಲುಮಾಡಿ ಒಂದಾದ ಮೇಲೊಂದರಂತೆ ವರ್ಗಿಸುತ್ತ ಹೋಗುವ ಪರಂಪರೆ. ಎರಡರ ವರ್ಗ ೪, ಅದರ ವರ್ಗ ೧೬, ಮೂರನೆಯದು ೨೫೬, ನಾಲ್ಕನೆಯದು ೬೫೫೩೬, ಐದನೆಯದು ೪೨೯೪೯೬೭೨೯೬, ಆರನೆಯದು ೧೮೪೪೬೭೪೪೦೭೩೭೦೯೫೫೧೬೧೬. ಪ್ರಾಕೃತಗ್ರಂಥಗಳಲ್ಲಿ ಕೊನೆಯ ಮೂರಕ್ಕೆ ಪಣ್ಣಟ್ಠಿ, ಬಾದಾಲ, ಏಕ್ಕಟ್ಠಿ ಎಂಬ ಹೆಸರುಗಳಿವೆ. ಪಣ್ಣಟ್ಠಿಯೆಂದರೆ ಅರವತ್ತೈದು, ಬಾದಾಲವೆಂದರೆ ನಾಲ್ವತ್ತೆರಡು, ಏಕ್ಕಟ್ಠಿಯಲ್ಲಿ ಒಂದು ಎಂಟುಗಳು ಕಾಣುತ್ತವೆ; ರಾಶಿಯ ಮೊದಲ ಎರಡು ಅಂಕಗಳನ್ನೇ ಹಿಡಿದು ಇಡೀ ರಾಶಿಗೆ ಹೆಸರಿಟ್ಟಿರುವುದು ಸ್ಪಷ್ಟವಾಗಿದೆ. ಶ್ಲೋಕದ ಮೊದಲ ಪದದಿಂದ ಶ್ಲೋಕವನ್ನು ಗುರುತಿಸುವ ಪಾಠಶಾಲೆಯ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಬಾದಾಲವನ್ನು ಏಕ್ಕಟ್ಠಿಯಿಂದ ಗುಣಿಸಿದರೆ ಪ್ರಕೃತ ರಾಶಿಯು ಬರುವುದು. ಏಕ್ಕಟ್ಠಿಯು ಬಾದಾಲದ ವರ್ಗವೇ ಆದುದರಿಂದ ಈ ಗುಣಲಬ್ಧವು ಬಾದಾಲದ ಘನವೂ ಹೌದು. ಗೊಮ್ಮಟಸಾರವು ಹೇಳುವುದು ಈ ಎರಡನೆಯ ರೀತಿಯನ್ನೇ: ಪರ್ಯಾಪ್ತರು ಐದನೆಯ ಕೃತಿಯ ಘನದಷ್ಟು. ಕೃತಿಯೆಂದರೆ ವರ್ಗ. ಹೀಗೆ ಶ್ವೇತಾಂಬರ ಸೂತ್ರದ ಮಾತೂ ದಿಗಂಬರ ಗಾಥೆಯ ಮಾತೂ ಶಬ್ದದಲ್ಲಿ ಬೇರೆಯಾಗಿದ್ದರೂ ಫಲದಲ್ಲಿ ಒಂದೇ ಆಗಿವೆ.

ಅರ್ಧಿಸುವ ಮಾತು ಇದಕ್ಕಿಂತಲೂ ಗಮನಾರ್ಹವಾದುದು. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಿದರೆ ಒಂದು ಉಳಿಯುವುದೋ ಅಷ್ಟನ್ನು ಆ ರಾಶಿಯ ಅರ್ಧಚ್ಛೇದವೆನ್ನುತ್ತಾರೆ. ಬಾದಾಲಕ್ಕೆ ೩೨ ಅರ್ಧಚ್ಛೇದಗಳು, ಏಕ್ಕಟ್ಠಿಗೆ ೬೪. ಗುಣಲಬ್ಧಕ್ಕೆ ಇವೆರಡರ ಮೊತ್ತವಾದ ೯೬. ಗುಣಾಕಾರದಲ್ಲಿ ಅರ್ಧಚ್ಛೇದಗಳು ಕೂಡುತ್ತವೆ, ಭಾಗಾಹಾರದಲ್ಲಿ ಕಳೆಯುತ್ತವೆ ಎಂಬ ನಿಯಮವನ್ನು ನೇಮಿಚಂದ್ರರೇ ತ್ರಿಲೋಕಸಾರದಲ್ಲಿ ಗಾಥೆಗಳಾಗಿ ರಚಿಸಿದ್ದಾರೆ. ಧವಲೆಯಲ್ಲಿ ಅದರ ಪ್ರಯೋಗವು ಹೇರಳವಾಗಿದೆ, ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದವೂ ಅಲ್ಲಿ ಬರುತ್ತವೆ. ೧೬೧೪ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರನು ಪ್ರಕಟಿಸಿದ ಲಾಗರಿತಮ್ ಗಣಿತದ ಬೀಜವು ಇದೇ ಎಂದು ಅಭಿಮಾನಪೂರ್ವಕವಾಗಿ ಹೇಳುವವರುಂಟು. ತತ್ತ್ವವು ಒಂದೇ ಎಂಬುದು ನಿಜ. ಆದರೆ ನೇಪಿಯರನ ಕೀರ್ತಿಯು ಆತನು ಕಟ್ಟಿದ ಕೋಷ್ಠಕಗಳಿಂದ ಬಂದುದು. ನಮ್ಮ ಆಚಾರ್ಯರು ಅಂಥ ಕೋಷ್ಠಕಗಳನ್ನು ಮಾಡಲಿಲ್ಲ, ಅವರಿಗೆ ಬೇಕಾಗಿದ್ದುದು ಮಹಾರಾಶಿಗಳ ತಾರತಮ್ಯ ನಿರ್ಣಯ ಮಾತ್ರ. ಒಂದನ್ನು ಮತ್ತೊಂದೆಂದು ಹೇಳುವುದರಿಂದ ಎರಡಕ್ಕೂ ನ್ಯಾಯವಾಗದು.

ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ರಾಶಿಯು ಅಪರಿಚಿತವಲ್ಲ. ಗುರುಲಘುಗಳ ಪ್ರಸ್ತಾರದಲ್ಲಿ ಒಂದೊಂದು ಅಕ್ಷರವು ಹೆಚ್ಚಿದಂತೆಲ್ಲ ವೃತ್ತಸಂಖ್ಯೆಯು ಇಮ್ಮಡಿಯಾಗುವುದು. ನಾಗವರ್ಮನ ಛಂದೋಂಬುಧಿಯಲ್ಲಿ ಹೇಳಿರುವ ಉಕ್ತೆಯಿಂದ ಉತ್ಕೃತಿಯವರೆಗಿನ ೨೬ ಛಂದಸ್ಸುಗಳಲ್ಲಿ ೨೪ನೆಯದು ಸಂಕೃತಿ. ಅದರ ಪಾದವೊಂದರ ಪ್ರಸ್ತಾರವು ೧೬೭೭೭೨೧೬. ನಾಲ್ಕು ಪಾದಗಳೂ ಒಂದಕ್ಕೊಂದು ಸಮವಾಗಿರಬೇಕೆಂಬ ನಿಯಮವನ್ನು ಬಿಟ್ಟು ೯೬ ಅಕ್ಷರಗಳನ್ನೂ ಒಟ್ಟಿಗೆ ಪ್ರಸ್ತರಿಸಿದರೆ ಬರುವ ಮೊತ್ತವು ಅಂಕಕ್ಕೆ ಅಂಕ ಈ ಮನುಷ್ಯಸಂಖ್ಯೆಯೇ. ಅದನ್ನು ಕಂಡುಹಿಡಿಯುವುದಕ್ಕೆ ೯೬ ಬಾರಿ ಇಮ್ಮಡಿಸಬೇಕಾಗಿಯೂ ಇಲ್ಲ. ಪಿಂಗಳನು ಹೇಳಿದ ಕ್ರಮದಂತೆ ೯೬ನ್ನು ಅರ್ಧಿಸುತ್ತ ಹೋದರೆ ೪೮, ೨೪, ೧೨, ೬, ೩ ಎಂದು ಐದು ಅರ್ಧಗಳಾಗಿ ವಿಷಮವಾದ ಮೂರು ನಿಲ್ಲುವುದು. ಎರಡರ ಘನವಾದ ೮ನ್ನು ಹಿಡಿದು ಐದು ಬಾರಿ ವರ್ಗಿಸಿದರೆ ೬೪, ೪೦೯೬, ೧೬೭೭೭೨೧೬, ೨೮೧೪೭೪೯೭೬೭೧೦೬೫೬ ಎಂದು ಏರಿ ಐದನೆಯ ಮೆಟ್ಟಿಲಿನಲ್ಲಿ ಪ್ರಕೃತ ರಾಶಿಯು ದೊರೆಯುವುದು. ತ್ರಿಲೋಕಸಾರದಲ್ಲಿ ಎಣಿಸಿರುವ ಹದಿನಾಲ್ಕು ಧಾರೆಗಳಲ್ಲಿ ದ್ವಿರೂಪಘನಧಾರೆಯೆಂಬುದು ಇದೇ ಸಾಲು. ೯೬ ಎಂಬುದು ಎರಡೆರಡಾಗಿ ಬೆಳೆದ ಸಂಖ್ಯೆಯಲ್ಲವಾದುದರಿಂದ ಈ ರಾಶಿಗೆ ದ್ವಿರೂಪವರ್ಗಧಾರೆಯಲ್ಲಿ ಎಡೆಯಿಲ್ಲ. ಏಕ್ಕಟ್ಠಿಯನ್ನು ದಾಟಿದೊಡನೆ ಆ ಧಾರೆಯು ೩೯ ಅಂಕಗಳ ಏಳನೆಯ ವರ್ಗಕ್ಕೆ ಹಾರುವುದು. ನಡುವಣ ದೊಡ್ಡ ತೆರಪಿನಲ್ಲಿ ಮನುಷ್ಯಸಂಖ್ಯೆಯು ನಿಂತಿದೆ.

ಈ ತೆರಪೇ ವಿವಾದದ ಮೂಲ. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಆಗಮವನ್ನು ಕಲಿತ ಪುಷ್ಪದಂತ ಭೂತಬಲಿಗಳಲ್ಲಿ ಪುಷ್ಪದಂತರು ವನವಾಸಿದೇಶಕ್ಕೂ ಭೂತಬಲಿಗಳು ದ್ರಮಿಳದೇಶಕ್ಕೂ ಹೋದರೆಂದು ಧವಲೆಯಲ್ಲಿಯೇ ಹೇಳಿದೆ. ಅವರ ಸೂತ್ರಗಳೇ ಷಟ್ಖಂಡಾಗಮ. ಅದರ ದ್ರವ್ಯಪ್ರಮಾಣ ಪ್ರಕರಣದ ಸೂತ್ರವೊಂದು ಪರ್ಯಾಪ್ತ ಮನುಷ್ಯರಲ್ಲಿ ಮಿಥ್ಯಾದೃಷ್ಟಿಗಳ ಪ್ರಮಾಣವನ್ನು ಹೇಳುತ್ತ ಎರಡು ಜೊತೆ ಮೇರೆಗಳನ್ನು ಕೊಡುವುದು. ಕೋಟಿಕೋಟಿಕೋಟಿಗೆ ಮೇಲೆ, ಕೋಟಿಕೋಟಿಕೋಟಿಕೋಟಿಗೆ ಕೆಳಗೆ. ಆರನೆಯ ವರ್ಗಕ್ಕೆ ಮೇಲೆ, ಏಳನೆಯ ವರ್ಗಕ್ಕೆ ಕೆಳಗೆ. ವರ್ಗಗಳ ಮೇರೆಯು ಬಹು ಅಗಲವಾದುದು. ಬಾದಾಲದ ಘನವು ಅದರೊಳಗೆ ಸುಖವಾಗಿ ಅಡಗುವುದು. ಕೋಟಿಗಳ ಮೇರೆಯು ಹಾಗಲ್ಲ. ಕೋಟಿಯನ್ನು ನಾಲ್ಕು ಬಾರಿ ಇಟ್ಟು ಗುಣಿಸಿದರೆ ಒಂದರ ಮುಂದೆ ೨೮ ಸೊನ್ನೆಗಳು. ಅದೂ ೨೯ ಸ್ಥಾನಗಳ ರಾಶಿಯೇ. ಆದರೆ ಅದರ ೨೯ನೆಯ ಸ್ಥಾನದಲ್ಲಿರುವುದು ಒಂದು, ಮನುಷ್ಯಸಂಖ್ಯೆಯ ೨೯ನೆಯ ಸ್ಥಾನದಲ್ಲಿರುವುದು ಏಳು. ಯಾವುದಕ್ಕಿಂತ ಕೆಳಗಿರಬೇಕೆಂದು ಸೂತ್ರವು ಹೇಳಿತೋ ಅದರ ಸುಮಾರು ಎಂಟುಮಡಿಯಷ್ಟು ಬಾದಾಲದ ಘನವಿದೆ.

ವೀರಸೇನರ ಕಣ್ಣಿಗೆ ಇದು ಬೀಳದೆ ಹೋಗಲಿಲ್ಲ. ಧವಲೆಯು ಕ್ರಿ.ಶ. ೮೧೬ರಲ್ಲಿ ಮುಗಿಯಿತೆಂಬುದು ಅದರ ಸಂಪಾದಕರಾದ ಹೀರಾಲಾಲ ಜೈನರ ನಿರ್ಣಯ. ರಾಷ್ಟ್ರಕೂಟರ ರಾಜ್ಯದಲ್ಲಿ ಗಣಿತವಿದ್ಯೆಯು ಎಷ್ಟು ಜೀವಂತವಾಗಿತ್ತೆಂಬುದಕ್ಕೆ ಮಹಾವೀರಾಚಾರ್ಯರ ಗ್ರಂಥದಷ್ಟೇ ಈ ಟೀಕೆಯೂ ಸಾಕ್ಷಿ. ಆಚಾರ್ಯರು ಪರಂಪರಾಗತವಾದ ಬಾದಾಲಘನದ ಮಾತನ್ನು ಎತ್ತಿಕೊಂಡು, ಅದು ಸೂತ್ರಕ್ಕೆ ವಿರುದ್ಧವೆಂದು ತೋರಿಸಿ, ಅಷ್ಟಕ್ಕೇ ತೃಪ್ತರಾಗದೆ ಕ್ಷೇತ್ರಗಣಿತದಿಂದಲೂ ಅದನ್ನು ಪರೀಕ್ಷಿಸುತ್ತಾರೆ. ಮನುಷ್ಯಕ್ಷೇತ್ರವು ೪೫ ಲಕ್ಷ ಯೋಜನಗಳ ವ್ಯಾಸವುಳ್ಳ ವೃತ್ತ. ವ್ಯಾಸವರ್ಗವನ್ನು ಹತ್ತರಿಂದ ಗುಣಿಸಿ ಮೂಲವನ್ನು ತೆಗೆದರೆ ಪರಿಧಿಯು ೧೪೨೩೦೨೪೯ ಯೋಜನಗಳು ಮತ್ತು ಸ್ವಲ್ಪ ಶೇಷ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಯೋಜನಕ್ಕೆ ೭೬೮೦೦೦ ಅಂಗುಲಗಳಾದುದರಿಂದ ಕ್ಷೇತ್ರಫಲವನ್ನು ಪ್ರತರಾಂಗುಲಗಳಿಗೆ, ಎಂದರೆ ಅಂಗುಲದ ಚೌಕಗಳಿಗೆ, ತಿರುಗಿಸಬಹುದು. ಬರುವ ರಾಶಿಯು ೯೪೪೨೫೧ ಎಂದು ಮೊದಲಾಗುವ ೨೫ ಅಂಕಗಳದು. ೨೯ ಅಂಕಗಳ ಜನರು ೨೫ ಅಂಕಗಳ ನೆಲದಲ್ಲಿ ಹಿಡಿಸುವುದೆಂತು?

ದ್ವೀಪಸಮುದ್ರಗಳನ್ನು ಅಳೆಯುವ ಅಂಗುಲವು ಪ್ರಮಾಣಾಂಗುಲವೆಂದೂ, ದೇಹವನ್ನು ಅಳೆಯುವ ಉತ್ಸೇಧಾಂಗುಲಕ್ಕಿಂತ ಅದು ಐನೂರು ಮಡಿ ದೊಡ್ಡದೆಂದೂ ಇಲ್ಲಿ ಸಮಾಧಾನ ಹೇಳಬಹುದು. ಲೆಕ್ಕವನ್ನು ಹಾಗೆಯೇ ಮುಂದುವರಿಸಿದರೆ ನೆಲವು ಎರಡೂವರೆ ಲಕ್ಷಮಡಿಯಾಗಿ ೩೧ ಅಂಕಗಳಿಗೆ ಏರುವುದು. ಅದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಮೂವತ್ತು ಅಂಗುಲಚೌಕಗಳಿಗೂ ತುಸು ಕಡಮೆ ಬರುವುದು. ಆಗಮದ ಮಾನದಲ್ಲಿ ಆರು ಅಂಗುಲಗಳಿಗೆ ಒಂದು ಪಾದ. ಪಾದದ ಚೌಕಕ್ಕೆ ಮೂವತ್ತಾರು ಅಂಗುಲಚೌಕಗಳು ಬೇಕು. ಒಬ್ಬೊಬ್ಬನಿಗೆ ಒಂದು ಹೆಜ್ಜೆಯೂರುವಷ್ಟು ಸ್ಥಳವೂ ಸಿಕ್ಕದೆಂದಾಯಿತು. ಅದರಲ್ಲಿ ಲವಣೋದ ಕಾಲೋದ ಸಮುದ್ರಗಳ ಪಾಲನ್ನು ಕಳೆಯಬೇಕು. ಉತ್ತಮ ಭೋಗಭೂಮಿಯ ಮನುಷ್ಯರ ಎತ್ತರವು ಮೂರು ಕ್ರೋಶಗಳೆಂಬುದನ್ನೂ ನೆನೆಯಬೇಕು. ವೀರಸೇನರ ಆಕ್ಷೇಪವು ಕೇವಲ ಶಬ್ದಚ್ಛಲವಲ್ಲವೆಂಬುದು ಇದರಿಂದ ವ್ಯಕ್ತವಾಗುವುದು. ಗುರುಪರಂಪರೆಯಿಂದ ಬಂದ ಸಂಖ್ಯೆಯನ್ನು ಸೂತ್ರವೆಂಬ ಒರೆಗಲ್ಲಿಗೂ ಗಣಿತವೆಂಬ ತಕ್ಕಡಿಗೂ ಹಾಕಿ ನೋಡುವ ಈ ಧೈರ್ಯವು ಟೀಕಾಕಾರರಲ್ಲಿ ವಿರಳ. ಆದರೆ ಇದೇ ತಕ್ಕಡಿಯಲ್ಲಿ ಸೂತ್ರದ ಮೇಲ್ಮೇರೆಯನ್ನೇ ತೂಗಿದರೂ ತಲೆಗೆ ಬರುವುದು ೨೩೬ ಅಂಗುಲಚೌಕಗಳು ಮಾತ್ರ. ೨೪ ಅಂಗುಲಗಳ ಒಂದು ಮೊಳದ ಚೌಕಕ್ಕೆ ಅರ್ಧವೂ ಇಲ್ಲ. ಕ್ಷೇತ್ರಗಣಿತದ ವಾದವು ಬಾದಾಲಘನವನ್ನು ಕೆಡಹುವುದಕ್ಕೆ ಸಾಲುವುದೇ ಹೊರತು ಸೂತ್ರದ ಮೇರೆಗೆ ಹೆಚ್ಚಿನ ಆಸರೆಯನ್ನು ಕೊಡಲಾರದು.

(ಲೋಕದ ಜನಸಂಖ್ಯೆಯು ೨೦೨೨ರಲ್ಲಿ ೮೦೦ ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆಯ ಗಣನೆ, ಅದು ಇನ್ನೂ ಬಾದಾಲದ ಎರಡರಷ್ಟಕ್ಕೂ ಕಡಮೆಯೇ. ಆಗಮದ ಮನುಷ್ಯಕ್ಷೇತ್ರಕ್ಕೂ ಭೂಗೋಲಶಾಸ್ತ್ರದ ಭೂಮಿಗೂ ಸಂಬಂಧ ಕಲ್ಪಿಸಿ ಒಂದರಿಂದ ಇನ್ನೊಂದನ್ನು ಹಳಿಯುವುದು ಇತಿಹಾಸಕಾರನ ಕೆಲಸವಲ್ಲ.)

ವೀರಸೇನರಾದ ಮೇಲೆ ನೂರೈವತ್ತು ವರ್ಷಕ್ಕೆ ಮೇಲ್ಪಟ್ಟು ಗಂಗರ ಮಂತ್ರಿಯಾದ ಚಾವುಂಡರಾಯನ ಗುರುಸ್ಥಾನದಲ್ಲಿ ನೇಮಿಚಂದ್ರರನ್ನು ಕಾಣುತ್ತೇವೆ. ಗೊಮ್ಮಟನೆಂಬುದು ಚಾವುಂಡರಾಯನ ಹೆಸರು. ಆತನಿಗಾಗಿ ರಚಿತವಾದುದರಿಂದಲೇ ಗ್ರಂಥಕ್ಕೆ ಗೊಮ್ಮಟಸಾರವೆಂಬ ನಾಮ. ಚಕ್ರವರ್ತಿಯು ಚಕ್ರದಿಂದ ಷಟ್ಖಂಡವನ್ನು ಸಾಧಿಸುವಂತೆ ಆಗಮದ ಷಟ್ಖಂಡವನ್ನು ಬುದ್ಧಿಚಕ್ರದಿಂದ ಸಾಧಿಸಿದವರೆಂದು ಅವರ ಬಿರುದಿನ ಅರ್ಥ. ಅಂಥವರು ಧವಲೆಯ ಈ ಪ್ರಕರಣವನ್ನು ಓದಿರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಜೀವಕಾಂಡದ ಗಾಥೆಗಳಲ್ಲಿ ಕೋಟಿಯ ಮೇರೆಯ ಮಾತೇ ಇಲ್ಲ. ಐದನೆಯ ಕೃತಿಯ ಘನವೆಂದು ನಿಸ್ಸಂದೇಹವಾಗಿ ಹೇಳಿ, ಮುಂದಿನ ಗಾಥೆಯಲ್ಲಿ ೨೯ ಅಂಕಗಳನ್ನೂ ಬಿಡಿಬಿಡಿಯಾಗಿ ಕೊಟ್ಟುಬಿಟ್ಟಿದ್ದಾರೆ.

ಇದಕ್ಕೆ ಕಾರಣವನ್ನು ಎರಡು ಬಗೆಯಾಗಿ ಊಹಿಸಬಹುದು. ಬಾದಾಲಘನದ ಮಾತು ಶ್ವೇತಾಂಬರ ದಿಗಂಬರರಿಬ್ಬರಲ್ಲಿಯೂ ಕಾಣಿಸುವುದರಿಂದ ಅದು ಬಹುಮಂದಿ ಆಚಾರ್ಯರಿಗೆ ಸಮ್ಮತವಾಗಿದ್ದ ಹಳೆಯ ಮಾತು. ಒಬ್ಬ ಟೀಕಾಕಾರರ ಯುಕ್ತಿಗಾಗಿ ಅದನ್ನು ಬಿಡಲು ನೇಮಿಚಂದ್ರರಿಗೆ ಮನಸ್ಸಾಗದಿರಬಹುದು. ಎರಡನೆಯ ಊಹೆಯು ಗಣಿತದಿಂದ ಬರುವುದು, ಮತ್ತು ಅದೇ ಹೆಚ್ಚು ಬಲವಾದುದಾಗಿ ತೋರುತ್ತದೆ. ಅನುಯೋಗದ್ವಾರವು ಕೋಟಿಕೋಟಿಗಳನ್ನು ಹೇಳುವಾಗ ಸ್ಥಾನಗಳನ್ನು ಎಣಿಸುತ್ತದೆ, ರಾಶಿಯನ್ನು ತೂಗುವುದಿಲ್ಲ. ಸ್ಥಾನದೃಷ್ಟಿಯಿಂದ ನೋಡಿದರೆ ನಾಲ್ಕು ಕೋಟಿಗಳ ಗುಣಲಬ್ಧವೂ ಬಾದಾಲದ ಘನವೂ ಒಂದೇ ೨೯ನೆಯ ಮನೆಯಲ್ಲಿವೆ. ಇಂತಿಷ್ಟು ಕೋಟಿಗಳ ಸ್ಥಾನದಲ್ಲಿದೆ ಎಂಬ ಹಳೆಯ ಮಾತು ಸೂತ್ರದಲ್ಲಿ ಇಷ್ಟಕ್ಕೆ ಕೆಳಗಿದೆ ಎಂಬ ರೂಪವನ್ನು ತಾಳಿದುದೇ ಆದರೆ, ಸ್ಥಾನವಾಚಕವಾದ ಶಬ್ದವನ್ನು ರಾಶಿವಾಚಕವಾಗಿ ತೆಗೆದುಕೊಂಡುದರಿಂದ ವಿರೋಧವು ಹುಟ್ಟಿತೆನ್ನಬೇಕು. ವೀರಸೇನರು ಸೂತ್ರದ ಅಕ್ಷರಕ್ಕೆ ಕಟ್ಟುಬಿದ್ದವರು, ಅವರಿಗೆ ಬೇರೆ ದಾರಿಯಿರಲಿಲ್ಲ. ಸಂಗ್ರಹಗ್ರಂಥವನ್ನು ಬರೆಯುವ ನೇಮಿಚಂದ್ರರಿಗೆ ಆ ಕಟ್ಟು ಇರಲಿಲ್ಲ. ಸಂದಿಗ್ಧವಾದ ಕೋಟಿಯನ್ನು ಬಿಟ್ಟು ಅಸಂದಿಗ್ಧವಾದ ವರ್ಗವನ್ನು ಅವರು ಹಿಡಿದರು.

ಅವರು ಅಂಕಗಳನ್ನು ಕೊಟ್ಟ ಕ್ರಮವು ಕಟಪಯಾದಿ. ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು ಅಕ್ಷರಗಳಿಗೆ ಒಂದರಿಂದ ಮೊದಲಾಗಿ ಬೆಲೆ. ಞಕಾರ ನಕಾರಗಳಿಗೂ ಒಂಟಿಸ್ವರಗಳಿಗೂ ಸೊನ್ನೆ. ಅಂಕಗಳಿಗೆ ಎಡಗಡೆಯ ನಡೆ. ಗಾಥೆಯಲ್ಲಿ ಸಂಖ್ಯಾಕ್ಷರಗಳು ಸರಿಯಾಗಿ ೨೯ ಇವೆ. ಮೊದಲನೆಯ ತಕಾರವು ಏಕಸ್ಥಾನದ ೬. ನಾಲ್ಕನೆಯ ನಕಾರವು ರಾಶಿಯಲ್ಲಿರುವ ಒಂದೇ ಒಂದು ಸೊನ್ನೆ. ಕೊನೆಯ ಸಕಾರವು ೨೯ನೆಯ ಸ್ಥಾನದ ೭. ಹೊಗೆ, ಕಲ್ಲು, ಕಳ್ಳ, ಮೇರು, ಮೀನು ಎಂದು ಅರ್ಥಬರುವ ಪದಗಳನ್ನು ಪೋಣಿಸಿದೆಯೇ ಹೊರತು ಅವುಗಳಿಗೆ ಪರಸ್ಪರ ಅನ್ವಯವಿದೆಯೆಂದು ಹೇಳುವುದಕ್ಕೆ ಶ್ರಮಪಡಬೇಕಾಗಿಲ್ಲ.

ಪದ್ಯದಲ್ಲಿ ಅರ್ಥದ ಹಿಡಿತವು ಸಡಿಲವಾದಲ್ಲಿ ಲೇಖಕಪ್ರಮಾದಕ್ಕೆ ಎಡೆ ಹೆಚ್ಚು. ಇಲ್ಲಿ ಸಂಖ್ಯೆಯ ಗುಣಗಳೇ ಪಾಠಶೋಧಕನಿಗೆ ನೆರವಾಗುತ್ತವೆ. ಪ್ರಾಕೃತವನ್ನು ಸಂಸ್ಕೃತದ ಅಭ್ಯಾಸದಿಂದ ತಿದ್ದುವ ಲಿಪಿಕಾರನು ಸಿಲಾ ಎಂಬಲ್ಲಿ ಶಿಲಾ ಎಂದು ಬರೆದನೆನ್ನೋಣ. ೧೩ನೆಯ ಸ್ಥಾನದ ೭ ಹೋಗಿ ೫ ಆಯಿತು. ಝಸ ಎಂಬುದನ್ನು ಝಷವೆಂದು ತಿದ್ದಿದರೆ ೨೯ನೆಯ ಸ್ಥಾನದ ೭ ಹೋಗಿ ೬. ಇವನ್ನು ಕಂಡುಹಿಡಿಯುವ ಬಗೆ ಹೇಗೆಂದರೆ: ಎರಡನ್ನು ಆರು ಬಾರಿ ಗುಣಿಸಿದ ೬೪ನ್ನು ಒಂಬತ್ತರಿಂದ ಭಾಗಿಸಿದರೆ ೧ ಉಳಿಯುವುದು, ೯೬ರಲ್ಲಿ ಆರು ಹದಿನಾರು ಬಾರಿ ನಿಶ್ಶೇಷವಾಗಿ ಹೋಗುವುದರಿಂದ ಇಡೀ ರಾಶಿಯಲ್ಲಿಯೂ ೧ ಉಳಿಯಬೇಕು. ೨೯ ಅಂಕಗಳನ್ನು ಕೂಡಿದರೆ ೧೨೭. ಒಂಬತ್ತರಿಂದ ಭಾಗಿಸಿದರೆ ಶೇಷ ೧, ಪಾಠವು ಶುದ್ಧ. ಶಿಲಾ ಎಂದು ತಿದ್ದಿದ ಪಾಠದಲ್ಲಿ ಮೊತ್ತ ೧೨೫, ಶೇಷ ೮. ಝಷ ಎಂಬ ಪಾಠದಲ್ಲಿ ೧೨೬, ಶೇಷವೇ ಇಲ್ಲ. ಎರಡೂ ಅಶುದ್ಧವೆಂಬುದು ಕ್ಷಣದಲ್ಲಿ ಗೊತ್ತಾಗುವುದು.

ಕನ್ನಡ ಲಿಪಿಯ ಪ್ರತಿಗಳಲ್ಲಿ ಇನ್ನೊಂದು ಅಪಾಯವುಂಟು. ಲಕಾರಕ್ಕೆ ಬದಲಾಗಿ ಳಕಾರವನ್ನು ಬರೆಯುವುದು ನಮ್ಮ ಲಿಪಿಕಾರರಿಗೆ ಸಹಜ. ಳಕಾರಕ್ಕೆ ೯ ಎಂದು ಬೆಲೆ ಕೊಡುವ ಸಂಪ್ರದಾಯದಂತೆ ಎಣಿಸಿದರೆ ಒಂದೊಂದು ಕಡೆಯೂ ಆರು ಹೆಚ್ಚುವುದು. ಗಾಥೆಯಲ್ಲಿ ಲಕಾರವು ನಾಲ್ಕು ಬಾರಿ ಬರುತ್ತದೆ. ಒಂದು, ಎರಡು ಅಥವಾ ನಾಲ್ಕು ಕಡೆ ತಪ್ಪಿದ್ದರೆ ನವಶೇಷವು ತೋರಿಸಿಕೊಡುವುದು. ಸರಿಯಾಗಿ ಮೂರು ಕಡೆ ತಪ್ಪಿದ್ದರೆ ಹೆಚ್ಚಿದ ಮೊತ್ತವು ೧೮ ಆಗಿ ನವಶೇಷವು ಮೋಸಹೋಗುವುದು! ಆಗ ಹನ್ನೊಂದರ ಪರೀಕ್ಷೆಯನ್ನು ಮಾಡಬೇಕು. ಬೆಸಸ್ಥಾನಗಳ ಅಂಕಗಳ ಮೊತ್ತ ೭೯, ಸಮಸ್ಥಾನಗಳದು ೪೮. ವ್ಯತ್ಯಾಸವಾದ ೩೧ನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ ೯. ಎರಡರ ೯೬ನೆಯ ಘಾತಕ್ಕೂ ಶೇಷವು ೯ ಎಂಬುದು ಬೇರೆಯಾಗಿ ಸಿದ್ಧವಾಗುವುದು. ಮೂರು ಲಕಾರಗಳು ಹೇಗೆ ಕೆಟ್ಟಿದ್ದರೂ ಈ ಒಂಬತ್ತು ನಿಲ್ಲದು. ಪಕ್ಕಪಕ್ಕದ ಎರಡು ಬೇರೆಬೇರೆ ಅಂಕಗಳು ಸ್ಥಾನಪಲ್ಲಟವಾದರೂ ನವಶೇಷಕ್ಕೆ ತಿಳಿಯದು, ಹನ್ನೊಂದಕ್ಕೆ ತಿಳಿಯುವುದು. ಇದಲ್ಲದೆ ರಾಶಿಯ ಕೊನೆಯ ಎರಡಂಕಗಳು ನಾಲ್ಕರಿಂದ, ಮೂರಂಕಗಳು ಎಂಟರಿಂದ, ನಾಲ್ಕಂಕಗಳು ಹದಿನಾರರಿಂದ, ಐದಂಕಗಳಾದ ೫೦೩೩೬ ಮೂವತ್ತೆರಡರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಭಾಗವಾಗುತ್ತವೆ. ಗ್ರಂಥಸಂಪಾದನೆಯಲ್ಲಿ ಇಷ್ಟು ಸಾಕ್ಷಿಗಳು ಕೂಡಿಬರುವ ಪದ್ಯ ಇನ್ನೊಂದು ಸಿಕ್ಕುವುದು ಕಷ್ಟ.

ಸಂಯುಕ್ತ ಸಂಖ್ಯೆಗಳಲ್ಲಿ ಈ ರಾಶಿಗೆ ಒಂದು ವಿಶೇಷ ಸ್ಥಾನವುಂಟು. ಇಷ್ಟು ದೊಡ್ಡದಾಗಿದ್ದರೂ ಇದರ ಹುಟ್ಟಿಗೆ ಕಾರಣವಾದ ಅವಿಭಾಜ್ಯವು ಎರಡು ಒಂದೇ. ತಾನೂ ಸೇರಿ ಇದಕ್ಕೆ ಭಾಜಕಗಳು ೯೭. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತನಗಿಂತ ಒಂದೇ ಒಂದು ಕಡಮೆ. ಇದು ವರ್ಗವೂ ಹೌದು, ಘನವೂ ಹೌದು. ನೆರೆಯ ಸಂಖ್ಯೆಗಳು ಮಾತ್ರ ಇಷ್ಟು ಸೌಮ್ಯವಲ್ಲ. ಬಾದಾಲಕ್ಕೆ ಒಂದನ್ನು ಕೂಡಿದರೆ ಬರುವ ೪೨೯೪೯೬೭೨೯೭ನ್ನು ಅವಿಭಾಜ್ಯವೆಂದು ಫ್ರಾನ್ಸಿನ ಫರ್ಮಾ ನಂಬಿದ್ದನು. ಅದು ೬೪೧ ಮತ್ತು ೬೭೦೦೪೧೭ರ ಗುಣಲಬ್ಧವೆಂದು ಆಯ್ಲರನು ೧೭೩೨ರಲ್ಲಿ ತೋರಿಸಿದನು. ಏಕ್ಕಟ್ಠಿಗೆ ಒಂದನ್ನು ಕೂಡಿದ ರಾಶಿಯು ೨೭೪೧೭೭ರಿಂದ ಭಾಗವಾಗುವುದೆಂದು ತಿಳಿಯಲು ೧೮೮೦ರವರೆಗೆ ಕಾಯಬೇಕಾಯಿತು.

ಎರಡೇ ಮೂಲವಾದುದರಿಂದ ಶಾಸ್ತ್ರಕ್ಕೊಂದು ಅನುಕೂಲವೂ ಆಗಿದೆ. ಪರ್ಯಾಪ್ತ ಮನುಷ್ಯರಲ್ಲಿ ಮುಕ್ಕಾಲುಪಾಲು ಮಾನುಷಿಯರೆಂದು ಜೀವಕಾಂಡದ ಮರುಗಾಥೆಯು ಹೇಳುವುದು. ನಾಲ್ಕರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ೫೯೪೨೧೧೨೧೮೮೫೬೯೮೨೫೩೧೯೫೧೫೭೯೬೨೭೫೨ ಎಂಬ ರಾಶಿಯು ಶೇಷವಿಲ್ಲದೆ ಬರುವುದು. ಕೋಟಿಗಳ ಮೇರೆಯೊಳಗಿನ ಅನಿಶ್ಚಿತ ಸಂಖ್ಯೆಯನ್ನು ಹಿಡಿದಿದ್ದರೆ ಇಂಥ ನಿಶ್ಚಯವು ಸಾಧ್ಯವಿರಲಿಲ್ಲ.

ಈ ವಿಚಾರಕ್ಕೆಲ್ಲ ಆಧಾರವಾದ ಗ್ರಂಥಗಳು ಉಳಿದುಬಂದುದು ಕನ್ನಡನಾಡಿನಲ್ಲಿ. ಧವಲೆಯ ತಾಳೆಯೋಲೆಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತಬಸದಿಯೊಂದರಲ್ಲಿಯೇ ಸಂರಕ್ಷಿತವಾಗಿದ್ದವು. ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮಿಯ ಉದ್ಯಾಪನೆಯಲ್ಲಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನಮಾಡಿದ ಪ್ರತಿಯೆಂದು ಪ್ರಶಸ್ತಿಯಿಂದ ತಿಳಿಯುವುದು. ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿಮಾಡುವ ಕೆಲಸವು ಮೊದಲಾಗಿ, ೧೯೩೯ರಿಂದ ಅಮರಾವತಿಯಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸಂಪುಟಗಳು ಹೊರಬಿದ್ದವು. ದ್ರವ್ಯಪ್ರಮಾಣದ ಭಾಗವು ೧೯೪೧ರದು. ಮರುವರ್ಷದ ಸಂಪುಟದಲ್ಲಿ ಅವಧೇಶನಾರಾಯಣ ಸಿಂಹರು ಧವಲೆಯ ಗಣಿತವನ್ನು ಕುರಿತು ಬರೆದ ಪ್ರಬಂಧದಿಂದ ಈ ಸಂಖ್ಯೆಯ ವಿವಾದವು ಗಣಿತೇತಿಹಾಸಜ್ಞರ ಗಮನಕ್ಕೆ ಬಂದಿತು.

ಗೊಮ್ಮಟಸಾರದ ಕಥೆಯೂ ಇದೇ ತೆರನಾದುದು. ಕೇಶವವರ್ಣಿಯು ಕ್ರಿ.ಶ. ೧೩೫೯ರಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಕನ್ನಡದಲ್ಲಿ ರಚಿಸಿದನು. ಅದೇ ಹೆಸರಿನ ಸಂಸ್ಕೃತ ಟೀಕೆಯನ್ನು ಬಹುಕಾಲ ಕೇಶವವರ್ಣಿಯದೆಂದೇ ಭಾವಿಸಿದ್ದರು. ಅದು ನೇಮಿಚಂದ್ರನೆಂಬ ಬೇರೊಬ್ಬ ಈಚಿನವನು ಕನ್ನಡ ವೃತ್ತಿಯನ್ನು ಅನುಸರಿಸಿ ಬರೆದುದೆಂದು ಆ. ನೇ. ಉಪಾಧ್ಯೆಯವರು ಸಾಧಾರವಾಗಿ ಸ್ಥಾಪಿಸಿದರು. ಜಯಪುರದ ಪಂಡಿತ ಟೋಡರಮಲ್ಲರು ಹದಿನೆಂಟನೆಯ ಶತಮಾನದಲ್ಲಿ ಢುಂಢಾರಿ ಭಾಷೆಯಲ್ಲಿ ಬರೆದ ಸಮ್ಯಗ್ಜ್ಞಾನಚಂದ್ರಿಕೆಗೆ ಆ ಸಂಸ್ಕೃತ ಟೀಕೆಯೇ ಆಧಾರ. ಉತ್ತರದೇಶದ ಶ್ರಾವಕರು ಇನ್ನೂರೈವತ್ತು ವರ್ಷಗಳಿಂದ ಟೋಡರಮಲ್ಲರ ಮೂಲಕ ಓದುತ್ತಿರುವ ಅಂಕಸಂದೃಷ್ಟಿಗಳು ಹೀಗೆ ಎರಡು ಭಾಷೆಗಳನ್ನು ದಾಟಿ ಕನ್ನಡದಿಂದ ಹೋದವು. ಕನ್ನಡ ವೃತ್ತಿಯು ಮಾತ್ರ ಓಲೆಗಳಲ್ಲಿಯೇ ಇದ್ದು, ೧೯೭೮ರಿಂದೀಚೆಗೆ ಭಾರತೀಯ ಜ್ಞಾನಪೀಠದಿಂದ, ಅದೂ ನಾಗರಿ ಲಿಪಿಯಲ್ಲಿ, ಮುದ್ರಿತವಾಯಿತು.